ಗಿರಿಜಮ್ಮನವರ ಶುಕ್ರವಾರದ ನೀರು

2025ರ ಜನವರಿಯಲ್ಲಿ ನಾನು ಸ್ಯಾನ್ ಹೊಸೆಯಲ್ಲಿ ಮನೆಗಳ ಹೀಟಿಂಗ್ ವ್ಯವಸ್ಥೆಗಳನ್ನು ಸ್ವಚ್ಛ ಮಾಡುವ, ರಿಪೇರಿ ಮಾಡುವ ಸಣ್ಣ ಕಸುಬನ್ನು ಒಬ್ಬನೇ ನಡೆಸುತ್ತಿದ್ದೆ. ಒಂದು ವ್ಯಾನು, ಎರಡು ಪಂಪು, ಒಂದು ಕೆಟ್ಟ ಸೊಂಟ. ವರ್ಷ, ತಿಂಗಳುಗಳನ್ನು ನೆನಪಿನಿಂದ ಬರೆಯುತ್ತಿಲ್ಲ, ಫೋನಿನಲ್ಲಿ ನೋಡಿಕೊಂಡು ಬರೆಯುತ್ತಿದ್ದೇನೆ. ನನ್ನ ನೆನಪನ್ನು ನಾನು ನಂಬುವುದು ಬಿಟ್ಟು ಬಹಳ ದಿನವಾಯಿತು. ಆದರೆ ಫೋನಿನಲ್ಲಿರುವುದನ್ನೂ ಪೂರ್ತಿ ನಂಬಬಾರದು ಎಂದು ಕಲಿತದ್ದು ಈ ಪ್ರಕರಣದಿಂದ.

ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್. ಊರಲ್ಲೊಂದು ಡಿಗ್ರಿ, ಇಲ್ಲೊಂದು ಡಿಗ್ರಿ. ಹತ್ತು ವರ್ಷ ಚಿಪ್ಪುಗಳನ್ನು ತಣ್ಣಗಿಡುವ ಕೆಲಸ ಮಾಡಿದೆ. ಮೂರನೆಯ ಲೇಆಫ್ ಆದ ಮೇಲೆ ಮನೆಗಳನ್ನು ಬೆಚ್ಚಗಿಡುವ ಕೆಲಸಕ್ಕೆ ಬಂದೆ. ಎರಡರಲ್ಲೂ ಶಾಸ್ತ್ರ ಒಂದೇ, ಇಲ್ಲಿ ಮೀಟಿಂಗುಗಳು ಕಡಿಮೆ ಎಂದು ಗೆಳೆಯರಿಗೆ ಹೇಳುತ್ತಿದ್ದೆ.

ಆ ತಿಂಗಳ ಎರಡನೆಯ ವಾರ ವೀಣಾ ಎಂಬವರ ಫೋನು ಬಂತು. ಧಾರವಾಡ ಕಡೆಯವರು, ಗಂಡ ಹೆಂಡತಿ ಇಬ್ಬರೂ ಇಂಜಿನಿಯರುಗಳು. ಅವರ ಮನೆಯ ಹೀಟಿಂಗನ್ನು ನಾನು ಹಿಂದೊಮ್ಮೆ ಕ್ಲೀನ್ ಮಾಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಅಂಕಲ್, ನೀವು ನಮ್ಮ ಅವ್ವಂಗೆ ಪ್ರತಿ ವಾರ ಬಾಯ್ಲರ್ ನೀರು ಹೊರಗೆ ಬಿಡೋಕೆ ಹೇಳಿದ್ರಾ?"

ನನಗೆ ನಗು ಬಂತು. ಅಡುಗೆಯವನಿಗೆ "ಪ್ರತಿದಿನ ಸಾರಿಗೆ ಸೀಮೆಎಣ್ಣೆ ಹಾಕು ಅಂದ್ರಾ" ಎಂದು ಕೇಳಿದ ಹಾಗೆ. ಆದರೂ ಅಭ್ಯಾಸದಂತೆ ಫೋನಿನಲ್ಲಿ ಅವರ ಮನೆಯ ಜಾಬ್ ಶೀಟ್ ತೆಗೆದೆ. 2022ರ ಅಕ್ಟೋಬರ್. ಕ್ಲೀನರ್ ಹಾಕಿದೆ, ಫ್ಲಶ್ ಮಾಡಿದೆ, ಇನ್ಹಿಬಿಟರ್ ಹಾಕಿದೆ, ನೀರು ಹೊರಬಿಡಬಾರದೆಂದು ಮನೆಯವರಿಗೆ ತಿಳಿಸಿದೆ. ನಾಲ್ಕು ಸಾಲು, ನಾಲ್ಕು ಟಿಕ್ಕು.

"ಇಲ್ಲಮ್ಮ. ಬಿಡಬೇಡಿ ಅಂತ ಹೇಳಿದೀನಿ. ಶೀಟಲ್ಲಿ ಬರೆದಿದೆ."

"ಓಕೆ ಅಂಕಲ್. ಅಷ್ಟು ಗೊತ್ತಾಗಬೇಕಿತ್ತು," ಎಂದರು. ಆಮೇಲೆ, ಪಂಪು ನಿಂತುಹೋಗಿದೆ, ಮನೆ ತಣ್ಣಗಿದೆ, ಬರೋಕಾಗುತ್ತಾ ಎಂದು ಕೇಳಿದರು. ಶುಕ್ರವಾರ ಬರುತ್ತೇನೆಂದೆ.

ಆ ಮನೆಯ ಬಗ್ಗೆ ಹೇಳಬೇಕು. ಐವತ್ತರ ದಶಕದಲ್ಲಿ ಕಟ್ಟಿದ, ಚಪ್ಪಟೆ ಮಾಡಿನ, ಗೋಡೆಗಿಂತ ಗಾಜೇ ಹೆಚ್ಚಿರುವ ಮನೆಗಳು ಈ ಊರಿನಲ್ಲಿ ಕೆಲವು ಬೀದಿಗಳ ತುಂಬ ಇವೆ. ಅವುಗಳಲ್ಲಿ ಬಿಸಿಗಾಳಿ ಊದುವ ಕೊಳವೆಗಳಿಲ್ಲ. ಕಾಂಕ್ರೀಟ್ ನೆಲದೊಳಗೆ ಪೈಪುಗಳನ್ನು ಹಾವಿನಂತೆ ಸುತ್ತಿ ಹೂತಿದ್ದಾರೆ. ಗರಾಜಿನ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ನೆಲದೊಳಗೆ ತಿರುಗಿಸಿ ವಾಪಸು ತರುತ್ತದೆ. ನೆಲ ಬೆಚ್ಚಗಾಗಿ ಮನೆ ಬೆಚ್ಚಗಾಗುತ್ತದೆ. ಬರಿಗಾಲಲ್ಲಿ ನಡೆಯುವ ನಮ್ಮಂಥವರಿಗೆ ಇದಕ್ಕಿಂತ ಸುಖ ಬೇರೆ ಇಲ್ಲ.

ಈ ಮನೆಯಲ್ಲಿ ಹೂತಿದ್ದು ಉಕ್ಕಿನ ಪೈಪು. ಉಕ್ಕಿಗೆ ಶತ್ರು ನೀರಲ್ಲ, ನೀರಿನಲ್ಲಿ ಕರಗಿರುವ ಆಮ್ಲಜನಕ. ನಲ್ಲಿಯಿಂದ ಹೊಸದಾಗಿ ಬಂದ ನೀರಿನಲ್ಲಿ ಅದು ತುಂಬಿರುತ್ತದೆ. ಅದೇ ನೀರು ಮುಚ್ಚಿದ ಪೈಪಿನಲ್ಲಿ ಕೆಲವು ದಿನ ತಿರುಗಿದರೆ, ಇರುವಷ್ಟು ಆಮ್ಲಜನಕ ಒಂದಿಷ್ಟು ತುಕ್ಕು ಹಿಡಿಸಿ ಮುಗಿದುಹೋಗುತ್ತದೆ. ಆಮೇಲೆ ಆ ನೀರು ನಿರುಪದ್ರವಿ. ಕಸುಬಿನವರು ಅದನ್ನು ಸತ್ತ ನೀರು ಎನ್ನುತ್ತಾರೆ. ಆದ್ದರಿಂದ ಮೊದಲು ಕ್ಲೀನರ್ ಎಂಬ ದ್ರವ ಹಾಕಿ ಎರಡು ಮೂರು ವಾರ ತಿರುಗಿಸಿ ಹಳೆಯ ಕೆಸರನ್ನು ಸಡಿಲ ಮಾಡುತ್ತೇವೆ. ಅದನ್ನೆಲ್ಲ ತೊಳೆದು ಹೊರಹಾಕುವುದೇ ಫ್ಲಶ್. ಕೊನೆಗೆ ಇನ್ಹಿಬಿಟರ್, ಅಂದರೆ ಪೈಪಿನ ಒಳಮೈಗೆ ತೆಳುವಾದ ರಕ್ಷಣೆ ಕೊಡುವ ದ್ರವ, ಹಾಕಿ ಮುಚ್ಚಿಬಿಡುತ್ತೇವೆ. ಆಮೇಲೆ ಆ ನೀರನ್ನು ಯಾರೂ ಮುಟ್ಟಬಾರದು. ಹೊರಗೆ ಬಿಟ್ಟರೆ ಅಷ್ಟೇ ಹೊಸ ನೀರನ್ನು ಒಂದು ವಾಲ್ವು ತಾನಾಗಿ ಒಳಗೆ ತೆಗೆದುಕೊಳ್ಳುತ್ತದೆ. ಒತ್ತಡ ಇಳಿಯದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ. ತುಕ್ಕಿಗೆ ಮಾತ್ರ ಹಬ್ಬ.

ಶುಕ್ರವಾರ ಬೆಳಿಗ್ಗೆ ಹೋದೆ. ವೀಣಾ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೋಟು ಹಾಕಿಕೊಂಡೇ ಕೂತಿದ್ದರು. ಅವರ ತಾಯಿ ಗಿರಿಜಮ್ಮ ಹದಿನಾಲ್ಕು ತಿಂಗಳ ಮೊಮ್ಮಗನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು, ಕೈಮಗ್ಗದ ಸೀರೆ, ಅದರ ಮೇಲೆ ಅಳಿಯನ ಜಾಕೆಟ್ಟು.

"ಬರ್ರಿ ಸಾಹೇಬ್ರ. ಭಾಳ ತಡಾ ಮಾಡಿದ್ರಿ," ಎಂದರು.

ಹತ್ತು ನಿಮಿಷ ತಡವಾಗಿತ್ತು. "ಫ್ರೀವೇಲಿ ಟ್ರಾಫಿಕ್ಕಮ್ಮ," ಎಂದೆ.

"ಎರಡ ವರ್ಷದ ಟ್ರಾಫಿಕ್ಕೇನು?"

ವೀಣಾ ನನ್ನ ಕಡೆ ನೋಡಿ, ಕೇಳಿಸಿತಲ್ಲ ಎನ್ನುವಂತೆ ಹುಬ್ಬು ಹಾರಿಸಿದರು. ನನ್ನೊಡನೆ ಗರಾಜಿಗೆ ಬಂದು ಬಾಗಿಲು ಹಾಕಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು. ಕಳೆದ ವಾರ ತಲೆನೋವೆಂದು ಆಫೀಸಿನಿಂದ ಬೇಗ ಬಂದಿದ್ದರಂತೆ. ಅವ್ವ ಗರಾಜಿನಲ್ಲಿ ಕೂತು ಬಾಯ್ಲರಿನ ನೀರನ್ನು ಬಕೆಟ್ಟಿಗೆ ಬಿಡುತ್ತಿದ್ದರು, ಮಗು ಪಕ್ಕದಲ್ಲಿ ಸ್ಟ್ರಾಲರಿನಲ್ಲಿ. ಏನಿದು ಎಂದರೆ, ಪ್ರತಿ ಶುಕ್ರವಾರ ಬಿಡುತ್ತೇನೆ, ಹೀಟರಿನ ಸಾಹೇಬರು ಹೇಳಿದ್ದಾರೆ ಎಂದರು.

"ಮೊದಲು ನಂಬಿದೆ ಅಂಕಲ್. ಆಮೇಲೆ ನಿಮಗೆ ಫೋನ್ ಮಾಡಿದೆ. ಕೆಲಸ ಮುಗೀತು ಅಂತ ನಿಮ್ಮ ರಿಪೋರ್ಟ್ ಅವತ್ತೇ ಇಮೇಲಲ್ಲಿ ಬಂದಿತ್ತು. ಅವ್ವ ಮಾತ್ರ ಎರಡು ವರ್ಷದಿಂದ ಸಾಹೇಬ್ರು ಇನ್ನೂ ಬರೋದೈತಿ, ಬರೋದೈತಿ ಅಂತಿದ್ದಳು. ಆಗಲೇ ನನಗೆ ಡೌಟ್ ಬರಬೇಕಿತ್ತು. ಹೋದ ತಿಂಗಳು ಎರಡು ಸಲ ಹಾಲೂ ಉಕ್ಕಿಸಿದಾಳೆ." ಬಾಗಿಲ ಕಡೆ ನೋಡಿ ಹೇಳಿದರು, "ಸೋಮವಾರದಿಂದ ಮಗೂನ ಡೇಕೇರಿಗೆ ಹಾಕ್ತಾ ಇದೀವಿ. ಒಬ್ಬಳ ಕೈಲಿ ಬಿಡೋಕೆ ಧೈರ್ಯ ಇಲ್ಲ. ಅವ್ವಂಗೆ ನಿನ್ನೆ ಹೇಳಿದೆ."

"ಏನಂದ್ರು?"

"ಕೂಸಿನ ಬಟ್ಟೆ ಮಡಿಚಿಡ್ತಾ ಇದ್ದಳು. ಎಲ್ಲ ಬಿಚ್ಚಿ ಇನ್ನೊಂದ್ಸಲ ಮಡಿಚಿದಳು."

ಅವರಿಗೆ ಮೀಟಿಂಗಿತ್ತು, ಒಳಗೆ ಹೋದರು. ನಾನು ಪಂಪು ಬಿಚ್ಚಿದೆ. ಒಳಗೆ ಕಾಡಿಗೆಯಂಥ ಕಪ್ಪು ಕೆಸರು ಗಟ್ಟಿಯಾಗಿ ಕೂತು ಚಕ್ರವನ್ನು ಹಿಡಿದುಬಿಟ್ಟಿತ್ತು. ನೀರನ್ನು ಗಾಜಿನ ಟ್ಯೂಬಿಗೆ ಹಿಡಿದು ಪರೀಕ್ಷೆ ಮಾಡಿದೆ. ಇನ್ಹಿಬಿಟರ್ ಸೊನ್ನೆ. ವಾರವಾರ ನೀರು ಬದಲಿಸಿದರೆ ಸೊನ್ನೆ ಬರಲೇಬೇಕು, ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ನನಗೇ ಹೇಳಿಕೊಂಡೆ.

ಮುಖ್ಯ ಪ್ರಶ್ನೆ ನೆಲದೊಳಗಿನ ಪೈಪಿನದು. ಅದು ತೂತಾಗಿದ್ದರೆ ಕಾಂಕ್ರೀಟ್ ಒಡೆಯಬೇಕು. ಆ ಮನೆಯಲ್ಲಿ ನಾಲ್ಕು ಲೂಪುಗಳು, ಅಂದರೆ ಪೈಪಿನ ಸುತ್ತುಗಳು: ಪಡಸಾಲೆ, ಅಡುಗೆಮನೆ, ಎರಡು ಮಲಗುವ ಕೋಣೆ. ನೀರು ಖಾಲಿ ಮಾಡಿ, ಪ್ರತಿ ಲೂಪಿಗೂ ಒಂದು ಒತ್ತಡದ ಮೀಟರ್ ಕಟ್ಟಿ, ಗಾಳಿ ತುಂಬಿ ಮುಳ್ಳನ್ನು ಮೂವತ್ತರಲ್ಲಿ ನಿಲ್ಲಿಸಿದೆ. ಎರಡು ಗಂಟೆ ಕಾಯಬೇಕು. ಮುಳ್ಳು ಇಳಿಯದಿದ್ದರೆ ಪೈಪು ಗಟ್ಟಿ.

ನಾನು ಬಕೆಟ್ ಬೋರಲು ಹಾಕಿ ಕೂತೆ. ಮಗು ಮಲಗಿದ ಮೇಲೆ ಗಿರಿಜಮ್ಮ ಎರಡು ಲೋಟ ಚಹಾ ಹಿಡಿದು ಬಂದು ಎದುರಿಗೆ ಮಡಚುವ ಕುರ್ಚಿ ಹಾಕಿಕೊಂಡರು. ಮಗುವಿನ ಸದ್ದು ಕೇಳಿಸುವ ಬೇಬಿ ಮಾನಿಟರನ್ನು ಮಡಿಲಲ್ಲಿ ಇಟ್ಟುಕೊಂಡರು. ಆ ವಾರ ಅದನ್ನು ಅವರು ಕೈಯಿಂದ ಬಿಟ್ಟೇ ಇರಲಿಲ್ಲವೆಂದು ಕಾಣುತ್ತದೆ.

"ಖರೇ ಹೇಳ್ರಿ. ನಾ ಏನರ ತಪ್ಪು ಮಾಡೇನಿ?"

"ನೀರು ಬಿಡಬಾರದಿತ್ತಮ್ಮ."

"ನೀವ ಹೇಳಿದ್ರಿ."

"ನಾನು ಹೇಳಿದ್ದು ನನಗೆ ನೆನಪಿಲ್ಲ."

"ನನಗ ಐತಿ." ಚಹಾ ಒಂದು ಗುಟುಕು ಕುಡಿದರು. "ಅವತ್ತ ನೀರು ತುಂಬೋ ಹಬ್ಬ. ವೀಣಾ ಫ್ರೀಮಾಂಟಿಗೆ ದಿನಸಿ ತರಾಕ ಹೋಗಿದ್ಲು. ನಾ ನಿಮಗ ಕೇಳಿದೆ, ಈ ದೇಶದಾಗ ಹಂಡೆ ಇಲ್ಲಲ್ರೀ, ನೀರು ಎಲ್ಲಿ ತುಂಬ್ಲಿ ಅಂತ. ನೀವು ನಕ್ಕು, ಇದ ನಿಮ್ಮ ಹಂಡೆ ಅಂತ ಬಾಯ್ಲರಿಗೆ ಕೈ ಬಡದ್ರಿ. ನಾ ಕುಂಕುಮ ಹಚ್ಚಿ, ಸೇವಂತಿ ಹೂ ಇಟ್ಟೆ."

ನೀರು ತುಂಬುವ ಹಬ್ಬ ದೀಪಾವಳಿಗೆ ಮುಂಚಿನ ದಿನ. ಬಚ್ಚಲ ಹಂಡೆಯ ಹಳೆಯ ನೀರು ಚೆಲ್ಲಿ, ತಳದ ಮಡ್ಡಿ ತೆಗೆದು, ಉಜ್ಜಿ ತೊಳೆದು, ಹೊಸ ನೀರು ತುಂಬಿ ಪೂಜೆ ಮಾಡಿ, ಮರುದಿನ ಎಣ್ಣೆ ಹಚ್ಚಿಕೊಂಡು ಅದೇ ನೀರಲ್ಲಿ ಸ್ನಾನ. ಬಾಯ್ಲರಿನ ಮೇಲೆ ಸೇವಂತಿ ಹೂ ನೋಡಿದ ನೆನಪು ನನಗೂ ಇತ್ತು. ಆದರೆ ಅದನ್ನು ನಾನು ಸರಟೋಗಾದ ಬೇರೊಂದು ಮನೆಗೆ ಸೇರಿಸಿ ಇಟ್ಟುಕೊಂಡಿದ್ದೆ. ಎಷ್ಟು ಖಚಿತವಾಗಿ ಎಂದರೆ, ಆ ಮನೆಯ ಗರಾಜಿನ ಬಣ್ಣ ಕೂಡ ಹೇಳಬಲ್ಲವನಾಗಿದ್ದೆ.

"ಆಮ್ಯಾಲೆ ಹೇಳಿದ್ರಿ, ಔಷಧ ಹಾಕೇನಿ, ಹಂಡೆ ತಳದ ಮಡ್ಡಿ ಹೆಂಗ ತಗೀತೀರಿ ಹಂಗ ಪ್ರತಿ ಶುಕ್ರವಾರ ಈ ನಳ ಬಿಟ್ಟು ಮಡ್ಡಿ ತಗೀರಿ, ನಾ ಬರೂ ತನಕ, ಅಂತ. ನೀವು ಬರಲಿಲ್ಲ."

"ಎಷ್ಟು ಬಿಡಿ ಅಂದಿದ್ದೆ?"

"ಒಂದು ತಂಬಿಗಿ ಅಂದಿದ್ರಿ. ನಾ ತಿಳಿ ಬರೂ ತನಕ ಬಿಡತಿದ್ದೆ. ಅರ್ಧಾ ಮಡ್ಡಿ ಯಾರು ತಗೀತಾರ್ರೀ?"

ಅದು ಅವರ ತಪ್ಪು ಎನ್ನಬಹುದಾದರೆ, ಅಷ್ಟೇ. ಆದರೆ ಹಂಡೆಯ ಹೋಲಿಕೆ ಕೊಟ್ಟವನು ಯಾರು? ಹಂಡೆ ತೊಳೆಯುವ ಯಾವ ಹೆಂಗಸು ಒಂದು ತಂಬಿಗೆ ಚೆಲ್ಲಿ ನಿಲ್ಲಿಸುತ್ತಾಳೆ? ಅದನ್ನು ನಾನು ಕೊಟ್ಟಿದ್ದೇ ಆಗಿದ್ದರೆ, ಎಂದುಕೊಂಡೆ. ಮನುಷ್ಯರು ಖಚಿತವಾಗಿ ಹೇಳುವುದೆಲ್ಲ ನಡೆದಿರುವುದಿಲ್ಲ. ನಾನೇ ಅದಕ್ಕೆ ಉದಾಹರಣೆ. ನನ್ನ ಬಳಿ ಬರಹವಿತ್ತು, ಅವರ ಬಳಿ ಬರೀ ಮಾತು.

"ಅಮ್ಮ, ಔಷಧ ಎರಡು ಇರುತ್ತೆ. ಮೊದಲನೇದು ತೊಳೆಯೋಕೆ, ಎರಡನೇದು ಕಾಪಾಡೋಕೆ. ಎರಡನೇದೂ ಅವತ್ತೇ ಹಾಕಿದೀನಿ ಅಂತ ನನ್ನ ಹತ್ರ ಬರೆದಿದೆ."

ಗಿರಿಜಮ್ಮ ಮಾನಿಟರನ್ನು ಕುರ್ಚಿಯ ಮೇಲಿಟ್ಟು ಎದ್ದರು. ಗರಾಜಿನ ಮೂಲೆಯ ಶೆಲ್ಫಿನಲ್ಲಿ ಜೋಳದ ಹಿಟ್ಟಿನ ಡಬ್ಬಿ, ಹಪ್ಪಳದ ಡಬ್ಬಿಗಳ ಹಿಂದೆ ಕೈ ಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿದ ಬಾಟಲಿಯೊಂದನ್ನು ತೆಗೆದು ನನ್ನ ಮುಂದಿಟ್ಟರು.

"ಇದನ್ನ ಮುಟ್ಟಬ್ಯಾಡ್ರಿ, ಬಂದು ನಾನ ಹಾಕತೇನಿ ಅಂದಿದ್ರಿ. ಮುಟ್ಟಿಲ್ಲ. ಕೂಸಿನ ಕೈಗೆ ಸಿಗಬಾರದಂತ ಸುತ್ತಿ ಇಟ್ಟೇನಿ."

ಇನ್ಹಿಬಿಟರ್ ಬಾಟಲಿ. ಸೀಲು ಒಡೆದಿರಲಿಲ್ಲ. ಮುಚ್ಚಳದ ಮೇಲೆ ಕಪ್ಪು ಮಾರ್ಕರಿನಲ್ಲಿ ಮನೆ ನಂಬರು, ಪಕ್ಕದಲ್ಲಿ "2ನೇ ವಿಸಿಟ್". ನನ್ನ ಕೈಬರಹ. 2 ಅಂಕಿಯನ್ನು ನಾನು ಬಾಲ ಉದ್ದ ಮಾಡಿ ಬರೆಯುವ ರೀತಿ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು.

ಆಗ ಉಳಿದದ್ದು ತಾನಾಗಿ ಜೋಡಿಸಿಕೊಂಡಿತು. ನೆನಪಾಯಿತು ಎನ್ನಲಾರೆ, ಲೆಕ್ಕ ಹಾಕಿ ತಿಳಿದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ರೆಕಾರ್ಡ್ ಬರೆಯುತ್ತಿದ್ದ ರೀತಿ ನಮ್ಮವರಿಗೆ ಗೊತ್ತು. ಬರಬೇಕಾದ ಉತ್ತರ ಮೊದಲು, ಅದಕ್ಕೆ ಹೊಂದುವ ರೀಡಿಂಗು ಆಮೇಲೆ, ಪ್ರಯೋಗ ಸಮಯ ಸಿಕ್ಕರೆ. ಆ ಚಾಳಿ ನನ್ನನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ವ್ಯಾನಿನಲ್ಲಿ ಕಾಫಿ ಕುಡಿಯುತ್ತ, ಆ ಮನೆಯಲ್ಲಿ ಆಗಬೇಕಾದ ಎಲ್ಲ ಕೆಲಸಕ್ಕೂ ಮುಂಚಿತವಾಗಿ ಟಿಕ್ ಹಾಕಿಬಿಡುತ್ತಿದ್ದೆ. ಸಂಜೆ ಫೋನಿನ ಆ್ಯಪ್ ತಾನಾಗಿ ಅದನ್ನು ಮನೆಯವರಿಗೆ ಕಳಿಸುತ್ತಿತ್ತು. ಎರಡನೆಯ ಭೇಟಿ ಮೂರು ವಾರದ ನಂತರ ಇದ್ದಿರಬೇಕು. ಅಷ್ಟರಲ್ಲಿ ನನ್ನ ಸೊಂಟದ ಡಿಸ್ಕ್ ಜಾರಿ ಎರಡು ತಿಂಗಳು ಹಾಸಿಗೆ ಹಿಡಿದೆ. ಎದ್ದ ಮೇಲೆ ಬಾಕಿ ಕೆಲಸಗಳ ಪಟ್ಟಿ ಮಾಡಿದ್ದು ಶೀಟುಗಳನ್ನು ನೋಡಿ. ಈ ಮನೆಯ ಶೀಟಿನಲ್ಲಿ ಬಾಕಿ ಏನೂ ಇರಲಿಲ್ಲ.

ಒಟ್ಟಿನಲ್ಲಿ ಈ ಹೆಂಗಸು ನಾನು ಹೇಳಿದ್ದನ್ನು ನೂರಕ್ಕೂ ಹೆಚ್ಚು ಶುಕ್ರವಾರ ತಪ್ಪದೆ ಮಾಡಿದ್ದರು. ನಾನು ಫೋನಿನಲ್ಲಿ ಅರ್ಧ ನಿಮಿಷದಲ್ಲಿ ಅವರನ್ನು ಮರೆಗುಳಿ ಮಾಡಿದ್ದೆ.

ಮೀಟರುಗಳ ಕಡೆ ನೋಡಿದೆ. ಮೂರು ಮುಳ್ಳು ಮೂವತ್ತರಲ್ಲೇ ಇದ್ದವು. ನಾಲ್ಕನೆಯದು ಇಪ್ಪತ್ತೆರಡಕ್ಕೆ ಇಳಿದಿತ್ತು.

"ಯಾವುದದು?" ಎಂದು ಗಿರಿಜಮ್ಮ ಕೇಳಿದರು.

ಅದು ಹಿಂದಿನ ಮಲಗುವ ಕೋಣೆ. ಅವರದೇ ಕೋಣೆ.

"ನಂದಾದ್ರ ನಡೀತೈತಿ ಬಿಡ್ರಿ. ನಾ ಯಾವಾಗಿದ್ರೂ ಪಡಸಾಲ್ಯಾಗ ಕೂಸಿನ ಕೂಡ ಇರತೇನಿ," ಎಂದವರು, ಸೋಮವಾರದಿಂದ ಹಾಗಿರುವುದಿಲ್ಲ ಎಂಬುದು ನೆನಪಾಗಿಯೋ ಏನೋ, ಚಹಾ ಲೋಟಗಳನ್ನು ಎತ್ತಿಕೊಂಡರು.

ವೀಣಾ ಅವರ ಮೀಟಿಂಗು ಮುಗಿಯುವವರೆಗೆ ಕಾದೆ. ಪರಿಹಾರದ ಎಷ್ಟೋ ದಾರಿಗಳು ತಲೆಯಲ್ಲಿ ಬಂದವು. "ಇಬ್ಬರಿಗೂ ಸ್ವಲ್ಪ ಗೊಂದಲ ಆಗಿದೆ" ಎಂದರೆ ಯಾರ ಮಾನವೂ ಹೋಗುವುದಿಲ್ಲ. ಹಳೆಯ ಪೈಪು, ಎಪ್ಪತ್ತು ವರ್ಷ ಬಾಳಿದೆ, ಎಂದೂ ಹೇಳಬಹುದಿತ್ತು. ಅದೂ ಸುಳ್ಳಲ್ಲ. ಆದರೆ ಗೊಂದಲ ಎಂಬ ಮಾತು ಹೇಳಿದರೆ, ಅದರಲ್ಲಿ ನನ್ನ ಪಾಲನ್ನು ನಾನು ವ್ಯಾನಿನಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಗಿರಿಜಮ್ಮನ ಪಾಲು ಅದೇ ಮನೆಯಲ್ಲಿ ಉಳಿಯುತ್ತಿತ್ತು.

ಬಾಟಲಿಯನ್ನು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟೆ.

"ವೀಣಾ, ನಿಮ್ಮ ತಾಯಿ ಹೇಳಿದ್ದು ಸರಿ. ನಾನೇ ಹೇಳಿದ್ದು. ನಾನು ಬರೋವರೆಗೂ ವಾರವಾರ ಬಿಡಿ ಅಂತ ಹೇಳಿ, ಬರಲಿಲ್ಲ."

"ಆದರೆ ನಿಮ್ಮ ಶೀಟಲ್ಲಿ—"

"ಶೀಟು ಸುಳ್ಳು. ಕೆಲಸಕ್ಕೆ ಮುಂಚೆ ಬರೆದಿದ್ದು. ಹಾಕಬೇಕಾಗಿದ್ದ ಔಷಧ ಇದು, ಸೀಲೇ ಒಡೆದಿಲ್ಲ. ಅವರಿಗೆ ಎಲ್ಲ ನೆನಪಿದೆ. ಮರೆತವನು ನಾನು."

ವೀಣಾ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಮಾಧಾನವಲ್ಲ, ಸಿಟ್ಟು. ಅದು ನ್ಯಾಯವಾಗಿಯೇ ಇತ್ತು.

"ಫೋನಲ್ಲಿ ಒಂದು ಸಲ ಚೆಕ್ ಮಾಡಿ ಹೇಳ್ತೀನಿ ಅನ್ನಬಹುದಿತ್ತಲ್ಲ ಅಂಕಲ್. ನಾನು ಅವ್ವಂಗೆ ಏನೇನು ಅಂದೆ ಗೊತ್ತಾ ನಿಮಗೆ?"

"ಅನ್ನಬಹುದಿತ್ತು," ಎಂದೆ.

"ಮತ್ತೆ ಹಾಲು? ಹಾಲು ಉಕ್ಕಿಸಿದ್ದು?"

ಬಾಗಿಲ ಹತ್ತಿರ ನಿಂತಿದ್ದ ಗಿರಿಜಮ್ಮ ತಾವೇ ಉತ್ತರ ಕೊಟ್ಟರು. "ಒಂದ ಕೈಯಾಗ ನಿನ್ನ ಮಗನ್ನ ಎತ್ಕೊಂಡು ನೀ ಒಂದ್ಸಲ ಹಾಲು ಕಾಸಿ ನೋಡವಾ. ಉಕ್ಕತೈತೋ ಇಲ್ಲೋ ಆಮ್ಯಾಲೆ ಹೇಳು."

ವೀಣಾ ನಗಲಿಲ್ಲ. ಎದ್ದು ಹೋಗಿ ತಾಯಿಯ ಕೈಯಿಂದ ಲೋಟಗಳನ್ನು ಇಸಿದುಕೊಂಡರು. "ಬಿಡವಾ, ನಾ ತೊಳೀತೇನಿ," ಎಂದದ್ದು ಕೇಳಿಸಿತು. ಅವರು ತಾಯಿಯೊಡನೆ ಧಾರವಾಡದ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಗರಾಜಿಗೆ ವಾಪಸು ಹೋದೆ. ನಾನು ವೈದ್ಯನಲ್ಲ. ಆ ವಯಸ್ಸಿನಲ್ಲಿ ಯಾರ ನೆನಪು ಎಷ್ಟು ಗಟ್ಟಿ ಎಂದು ನಾನು ಹೇಳಲಾರೆ. ಅವರ ಮೇಲಿದ್ದ ಆರೋಪಗಳಲ್ಲಿ ದೊಡ್ಡದೊಂದು ನನ್ನದು ಎಂದಷ್ಟೇ ಹೇಳಬಲ್ಲವನಾಗಿದ್ದೆ.

ಆ ಮುಂದಿನ ಮೂರು ವಾರ ಕೆಲಸ ಸರಿಯಾಗಿ ಮಾಡಿದೆ, ಪುಕ್ಕಟೆಯಾಗಿ. ಹೊಸ ಪಂಪು ಹಾಕಿದೆ. ಸೋರುವ ಲೂಪನ್ನು ವಾಲ್ವಿನಲ್ಲಿ ಮುಚ್ಚಿದೆ. ಉಳಿದ ಮೂರಕ್ಕೆ ಕ್ಲೀನರ್ ಹಾಕಿ ತಿರುಗಿಸಿ, ಒಂದೊಂದನ್ನೇ ತಿಳಿನೀರು ಬರುವವರೆಗೆ ಫ್ಲಶ್ ಮಾಡಿದೆ. ಕೊನೆಯ ದಿನ ಗಿರಿಜಮ್ಮನ ಎದುರೇ ಸೀಲು ಒಡೆದು ಇನ್ಹಿಬಿಟರ್ ಹಾಕಿದೆ. ಹೊಸ ಬಾಟಲಿ ಅದು. ಹಳೆಯದರ ಅವಧಿ ಮುಗಿದಿತ್ತು. ಗಿರಿಜಮ್ಮನ ಕೋಣೆಗೆ ವೀಣಾ ಗೋಡೆಯ ಎಲೆಕ್ಟ್ರಿಕ್ ಹೀಟರ್ ಹಾಕಿಸಿದರು. ನೆಲ ಒಡೆಸುವುದು ಅವರಿಗೆ ಬೇಡವಾಗಿತ್ತು. ಆ ಒಂದು ಕೋಣೆಯ ನೆಲ ಈಗಲೂ ತಣ್ಣಗಿದೆ. ಅಲ್ಲಿ ಗಿರಿಜಮ್ಮ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ.

ಮಗು ಡೇಕೇರಿಗೆ ಹೋಗಲಿಲ್ಲ. ಮೂರನೆಯ ವಾರ ಹೋದಾಗ ಅದು ಪಡಸಾಲೆಯ ಬೆಚ್ಚಗಿನ ನೆಲದ ಮೇಲೆ ಕವುಚಿ ಮಲಗಿ ನಿದ್ದೆ ಮಾಡುತ್ತಿತ್ತು, ಅಜ್ಜಿ ಪಕ್ಕದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು.

ಹೊರಡುವಾಗ ಗಿರಿಜಮ್ಮ ಕೇಳಿದರು, "ಹಂಗಾರ ಈ ಶುಕ್ರವಾರ ಬಿಡಬೇಕೋ ಬ್ಯಾಡೋ?"

"ಬೇಡಮ್ಮ. ಇನ್ನು ಯಾವತ್ತೂ ಬೇಡ. ಇಲ್ಲಿ ಹಳೇ ನೀರೇ ಒಳ್ಳೇದು."

"ಬರದು ಕೊಡ್ರಿ."

ಗರಾಜಿನ ಗೋಡೆಗೆ ಊರಿನಿಂದ ತರಿಸಿದ ಪಂಚಾಂಗದ ಕ್ಯಾಲೆಂಡರ್ ತೂಗುಹಾಕಿದ್ದರು. ಅದರ ಮೇಲೆ ಬರೆದೆ: "ನೀರು ಬಿಡಬಾರದು. ಮುಂದಿನ ಪರೀಕ್ಷೆ 2026ರ ಜನವರಿ." ಸಹಿ ಹಾಕಿಸಿಕೊಂಡರು. ಆಮೇಲೆ ಓದಿ ಹೇಳಿ ಎಂದರು. ಓದಿದೆ.

ಆ ದಿನದಿಂದ ನಾನು ಎರಡು ನಿಯಮ ಇಟ್ಟುಕೊಂಡಿದ್ದೇನೆ. ಮಾಡಿ ಮುಗಿಸುವವರೆಗೆ ಮಾಡಿದೆ ಎಂದು ಬರೆಯುವುದಿಲ್ಲ. ಯಾರಿಗಾದರೂ ಒಂದು ಕೆಲಸ ಹೇಳಿದರೆ, ಅದನ್ನು ಎಂದು ನಿಲ್ಲಿಸಬೇಕೆಂಬುದನ್ನೂ ಆಗಲೇ ಹೇಳುತ್ತೇನೆ. ಇಷ್ಟು ಕಲಿಯಲು ಎರಡು ಡಿಗ್ರಿ ಮತ್ತು ಮೂವತ್ತು ವರ್ಷದ ಅನುಭವ ಸಾಲಲಿಲ್ಲ ಎಂಬುದು ಅಷ್ಟೇನೂ ಹೆಮ್ಮೆಯ ಮಾತಲ್ಲ. ಈ ಕಥನವನ್ನೂ ಎಷ್ಟು ನಂಬಬೇಕೋ ಓದುಗರಿಗೆ ಬಿಟ್ಟದ್ದು. ಮಾತುಗಳು ಸ್ವಲ್ಪ ಹೆಚ್ಚು ಕಡಿಮೆ ಆಗಿರಬಹುದು. ಆ ಹಳೆಯ ಬಾಟಲಿ ಮಾತ್ರ ಇನ್ನೂ ನನ್ನ ವ್ಯಾನಿನಲ್ಲಿದೆ.

ಈ ವರ್ಷ ಜನವರಿಯ ಮೊದಲ ಶುಕ್ರವಾರ ಬೆಳಿಗ್ಗೆ ಫೋನು ಬಂತು. ಹೆಸರು ನೋಡದೆ ಎತ್ತಿದೆ.

"ಸಾಹೇಬ್ರ, ಜನವರಿ ಬಂತು," ಎಂದಿತು ಆ ಕಡೆಯ ದನಿ. "ನಿಮಗ ನೆನಪಿರಾಂಗಿಲ್ಲ ಅಂತ ನಾನ ಫೋನ್ ಮಾಡಿದೆ."